ಮೊದಲ ಮಾತಿನ ಕಲ್ಲು

ಮಕ್ಕಳೇ, ಒಂದು ಕಾಡಿನ ನಡುವೆ ಒಂದು ಕೆರೆ. ಅದರ ದಂಡೆಯಲ್ಲಿ ನುಣ್ಣಗಿನ ಒಂದು ಚಪ್ಪಟೆ ಕಲ್ಲು.

ಗೌಜಲಹಕ್ಕಿ ಗೌರಿಗೆ ಆ ಕಲ್ಲನ್ನು ಕಂಡರೆ ಅಮ್ಮನ ನೆನಪು. ಅವಳು ಮರಿಯಾಗಿದ್ದಾಗ ಆನೆಯಜ್ಜ ಅಲ್ಲಿ ಪಂಚಾಯ್ತಿ ನಡೆಸುತ್ತಿದ್ದ. ಯಾರಿಗೆ ಅನ್ಯಾಯವಾಗಿದೆಯೋ ಅವರು ಆ ಕಲ್ಲಿನ ಮೇಲೆ ಕೂರಬೇಕು, ಮೊದಲ ಮಾತು ಅವರದೇ. ಅಮ್ಮನ ರೆಕ್ಕೆಯಡಿಯಿಂದ ಇಣುಕುತ್ತಿದ್ದ ಗೌರಿಗೆ ಅಜ್ಜನ ಕಿವಿ ಬೀಸುವ ತಂಗಾಳಿ, "ಹೇಳವ್ವ, ಏನಾಯ್ತು?" ಎನ್ನುವ ಅವನ ದನಿ ಇನ್ನೂ ಮರೆತಿಲ್ಲ.

ಅಜ್ಜ ಹೋದ ಮೇಲೆ ಕೊಕ್ಕರೆರಾಯರು ಬಂದರು. ಅವರಿಗೆ ತಮ್ಮ ದನಿಯೆಂದರೆ ಬಲು ಪ್ರೀತಿ. ಬಿಸಿಲು ಚೆನ್ನಾಗಿ ಬೀಳುತ್ತದೆಂದು ಆ ಕಲ್ಲಿನ ಮೇಲೆ ತಾವೇ ನಿಂತು, ನಷ್ಟವಾದವರು ಆಚೆ ನಿಲ್ಲಬೇಕೆಂದು ಕಟ್ಟಳೆ ಮಾಡಿಬಿಟ್ಟರು.

ಒಂದು ದಿನ ಕಾಡುಹಂದಿ ಗೌರಿಯ ಗೂಡಿಗೆ ಮೂತಿ ಹಾಕಿ ಮೊಟ್ಟೆ ತಿಂದಿತು. ಉಳಿದದ್ದು ಎರಡೇ. ಕಂಡ ಮೊಲವೊಂದು ಸುದ್ದಿ ಮುಟ್ಟಿಸಿತು, ಗೌರಿಯೂ ಪಂಚಾಯ್ತಿಗೆ ಓಡಿದಳು. ಕಾವಲಿನ ಕಾಗೆ ಅಡ್ಡ ನಿಂತಿತು.

"ಆಚೆ ನಿಲ್ಲಮ್ಮ. ವಿಚಾರಣೆ ನಡೀತಿದೆ."

"ಅದು ನನ್ನ ಮೊಟ್ಟೆಯ ವಿಚಾರಣೆ ಕಣಣ್ಣ."

"ಮೊಟ್ಟೆ ನಿನ್ನದು. ಮೊಕದ್ದಮೆ ಕೆರೆಯ ಪಂಚಾಯ್ತಿಯದು."

ಒಳಗೆ ಹಂದಿಯನ್ನು ಕೇಳಿದರು, ಕಂಡ ಮೊಲವನ್ನು ಕೇಳಿದರು. ಆಮೇಲೆ ರಾಯರು ಬಹಳ ಹೊತ್ತು ತಾವೇ ಮಾತಾಡಿ ತೀರ್ಪು ಕೊಟ್ಟರು: "ಮಳೆಗಾಲ ಮುಗಿಯುವ ತನಕ ಹಂದಿ ಮೂಡಣ ದಂಡೆ ಬಿಟ್ಟು ಕದಲಕೂಡದು."

ಎಲ್ಲರೂ ತಲೆದೂಗಿದರು. ಗೌರಿ ಮುಂದಕ್ಕೆ ನುಗ್ಗಿದಳು. ಅವಳ ಗೂಡು ಇದ್ದದ್ದೇ ಮೂಡಣ ದಂಡೆಯ ಹುಲ್ಲಿನಲ್ಲಿ.

"ರಾಯರೇ, ಅಲ್ಲಿ ನನ್ನ..."

"ತೀರ್ಪಾಯ್ತಮ್ಮ," ಎಂದಿತು ಕಾಗೆ.

ಸಂಜೆಗೆ ಹಂದಿ ಗೂಡಿನ ಪಕ್ಕದಲ್ಲೇ ಬಿಡಾರ ಹೂಡಿತು. "ನಾನೇನು ಮಾಡಲಿ ಅಕ್ಕ, ರಾಯರ ಅಪ್ಪಣೆ," ಎಂದು ಹಲ್ಲು ಕಿರಿಯಿತು. ಗೌರಿ ಮೇವು ನೀರು ಬಿಟ್ಟು ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕೂತಳು.

ಬೆಳಿಗ್ಗೆ ರಾಯರು ಮೂಡಣ ದಂಡೆಗೆ ಮೀನಿಗೆ ಬಂದರೆ, ಹಂದಿ ಹೊರಳಾಡಿ ಅಲ್ಲಿನ ನೀರೆಲ್ಲ ಕೆಸರು. ಒಂದು ಮೀನೂ ಕಾಣದು. ಅವರು ಹಸಿದು ಪಂಚಾಯ್ತಿಗೆ ಧಾವಿಸಿದರು.

"ನನಗೆ ಅನ್ಯಾಯವಾಗಿದೆ. ನನ್ನ ಮೀನು..."

"ನಷ್ಟವಾದವರು ಆಚೆ ನಿಲ್ಲಬೇಕು, ಸ್ವಾಮಿ," ಎಂದಿತು ಕಾಗೆ, ಅಭ್ಯಾಸಬಲದಿಂದ. "ತಾವೇ ಮಾಡಿದ ಕಟ್ಟಳೆ."

ರಾಯರು ಆಚೆ ನಿಂತರು. ಅಲ್ಲಿಂದ ಆಡಿದ ಮಾತು ಒಳಗೆ ಯಾರಿಗೂ ಮುಟ್ಟುತ್ತಿರಲಿಲ್ಲ. ನಿನ್ನೆ ಗೌರಿ ನಿಂತದ್ದೂ ಅಲ್ಲೇ. ಅವರು ತಲೆ ತಗ್ಗಿಸಿ, ಅವಳನ್ನು ಕರೆಸಿ ಕಲ್ಲಿನ ಮೇಲೆ ಕೂರಿಸಿದರು.

"ಹಂದಿಯನ್ನು ಹೊಡೆಯೋದು ಬಡಿಯೋದು ಬೇಡ," ಎಂದಳು ಗೌರಿ. "ಪಡುವಣ ದಂಡೆಗೆ ಕಳಿಸಿ. ನಾನು ನೆಮ್ಮದಿಯಾಗಿ ಕಾವು ಕೊಡಬೇಕು."

ಹಂದಿಗೂ ಮಾತಾಡಲು ಬಿಟ್ಟರು. ಆಮೇಲೆ ರಾಯರು ಗೌರಿ ಕೇಳಿದಂತೆಯೇ ತೀರ್ಪು ಕೊಟ್ಟರು. ಆ ಹೊತ್ತೇ ಅದು ಪಡುವಣಕ್ಕೆ ನಡೆಯಿತು.

ಮುಂದೊಂದು ಪಂಚಾಯ್ತಿಗೆ ಗೌರಿ ಬಂದಾಗ ಅವಳ ರೆಕ್ಕೆಯಡಿಯಿಂದ ಎರಡು ಪುಟ್ಟ ತಲೆಗಳು ಇಣುಕುತ್ತಿದ್ದವು. ಕಲ್ಲಿನ ಮೇಲೆ ಒಂದು ಅಳಿಲು ನಡುಗುತ್ತಾ ಕೂತಿತ್ತು. ರಾಯರು ನೆಲದ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದರು:

"ಹೇಳವ್ವ, ಏನಾಯ್ತು?"

ನೀತಿ: ನೊಂದವರನ್ನು ಆಚೆ ನಿಲ್ಲಿಸಿ ಕೊಟ್ಟ ತೀರ್ಪು ಅವರನ್ನು ಇನ್ನೊಮ್ಮೆ ನೋಯಿಸುತ್ತದೆ.