ಅಂಗಿಯ ಚೂರು

ಅಂಬುಜಾಕ್ಷಿ ಟೀಚರ ಕರುಳಿನಲ್ಲಿ ಒಂದು ಬಿಳಿ ರಕ್ತಕಣ ಕಾವಲಿಗಿತ್ತು. ಮೊದಲಿನಿಂದಲೂ ಅಲ್ಲೇ ನೆಲೆಸಿದ್ದ ಬೂಷ್ಟು ಈಚೆಗೆ ಸಂಸಾರ ಹೆಚ್ಚಿಸಿಕೊಂಡದ್ದನ್ನು ಕಂಡು, ಇವನು ಕಳ್ಳನೇ ಇರಬೇಕು ಎಂದು ಅದಕ್ಕೆ ಅನುಮಾನ ಬಂತು. ಕಾವಲಿನವರ ಪದ್ಧತಿಯಂತೆ ಬೂಷ್ಟಿನ ಅಂಗಿಯಿಂದ ಒಂದು ಚೂರು ಹರಿದುಕೊಂಡು, ಅಂಥ ಬಟ್ಟೆ ತೊಟ್ಟವರನ್ನೆಲ್ಲ ಸದೆಬಡಿಯಲು ಹೊರಟಿತು. ಮುಖ ನೋಡುವ ಪದ್ಧತಿ ಅವರಲ್ಲಿಲ್ಲ.

ಹುಡುಕುತ್ತ ಮಿದುಳಿನವರೆಗೂ ಹೋದಾಗ ಒಂದು ನರ ಕಂಡಿತು. ಅದು ಹೊದ್ದದ್ದೂ ಹೆಚ್ಚುಕಡಿಮೆ ಅದೇ ಬಟ್ಟೆ. ಕಣ ಹಿಂದೆಮುಂದೆ ನೋಡದೆ ಹೊದಿಕೆಯನ್ನು ಹರಿಯತೊಡಗಿತು.

"ಅಯ್ಯಾ, ನಾನು ಮನೆಯವನೇ! ಟೀಚರ ಕಾಲಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವವನು!" ಎಂದು ನರ ಕೂಗಿತು.

ಕಣಕ್ಕೆ ಗಲಿಬಿಲಿಯಾಯಿತು. ಕರುಳಿಗೆ ಮರಳಿ ಬೂಷ್ಟನ್ನು ಗದರಿಸಿತು: "ಈ ಎಡವಟ್ಟೆಲ್ಲ ನಿನ್ನಿಂದಲೇ ತಾನೇ?"

"ನಾನು ಇಲ್ಲಿಂದ ಕದಲಿಯೇ ಇಲ್ಲವಲ್ಲ ಸ್ವಾಮಿ," ಎಂದಿತು ಬೂಷ್ಟು. "ನಾನು ಹೆಚ್ಚಿದ್ದಕ್ಕೆ ನೀವು ಕೆರಳಿದಿರೋ, ನೀವು ಕೆರಳಿದ್ದಕ್ಕೆ ನಾನು ಹೆಚ್ಚಿದೆನೋ, ನನಗೂ ತಿಳಿಯದು."

ಕಣಕ್ಕಂತೂ ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ಶಾಲೆಯ ಮೆಟ್ಟಿಲು ಹತ್ತುತ್ತಿದ್ದ ಟೀಚರನ್ನು ಡ್ರಾಯಿಂಗ್ ಮೇಷ್ಟ್ರು ಹಿಂದಿನಿಂದ ಕೂಗಿದರು: "ಟೀಚರೇ, ನಿಮ್ಮ ಚಪ್ಪಲಿ ಕೆಳಗೇ ಉಳೀತಲ್ಲ!"

ಟೀಚರು ತಮ್ಮ ಬರಿಗಾಲು ನೋಡಿಕೊಂಡರು. ಚಪ್ಪಲಿ ಕಳಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅವರ ಎದೆ ಹೊಡೆದುಕೊಂಡ ಸದ್ದು ಕರುಳಿನವರೆಗೂ ಕೇಳಿಸಿತು.

"ಹಾಗಾದರೆ ಮನೆಗೆ ಕಳ್ಳ ಹೊಕ್ಕಿರುವುದು ಖಾತ್ರಿ," ಎಂದುಕೊಂಡ ಕಣ, ಅಂಗಿಯ ಚೂರು ಹಿಡಿದು ಮತ್ತೆ ಮಿದುಳಿನತ್ತ ಓಡಿತು.