ಹೊಸ್ತಿಲಾಚೆಯ ಪಾಠ

ತುಮಕೂರಿನ ಶ್ರೀಪತಿ, ಬ್ಯಾಂಕ್ ಸಾಲಕ್ಕಾಗಿ ಮನೆ, ನಿವೇಶನಗಳಿಗೆ ಬೆಲೆ ಕಟ್ಟುವವರು. ಲೈಸೆನ್ಸ್ ನವೀಕರಣವಾಗಬೇಕಾದರೆ ತರಬೇತಿಯ ಎಲ್ಲ ಪಾಠಗಳಿಗೂ ಹಾಜರಾಗಿರಬೇಕು. ಅವರಿಗೆ ಒಂದು ಪಾಠ ತಪ್ಪಿತ್ತು. ಆ ದಿನ ಅವರ ತಾಯಿ ತೀರಿಕೊಂಡಿದ್ದರು.

"ಸಾವು ಎಲ್ಲರ ಮನೆಯಲ್ಲೂ ಆಗುತ್ತೆ ಕಣ್ರೀ," ಎಂದರು ತರಬೇತಿ ಅಧಿಕಾರಿ ರಂಗಧಾಮಯ್ಯ. "ಪಾಠ ಆಗದೆ ನಾನು ಸಹಿ ಹಾಕಲ್ಲ."

ಲೈಸೆನ್ಸ್ ಇಲ್ಲದವರಿಗೆ ಯಾವ ಬ್ಯಾಂಕೂ ಕೆಲಸ ಕೊಡುವುದಿಲ್ಲ. ಶ್ರೀಪತಿ ಕೇಳಿದರು, "ತಪ್ಪಿದ್ದು ಯಾವ ಪಾಠ ಸರ್?"

"ಮೂಢನಂಬಿಕೆಗೆ ಬಗ್ಗಿ ಮನೆಯ ಬೆಲೆ ಇಳಿಸಬಾರದು ಅನ್ನೋದು. ಯಾವುದಾದರೂ ಮನೆಯೊಳಗೇ ಕೂತು ಮಾಡಬೇಕಾದ ಪಾಠ."

"ಹಾಗಾದರೆ ನಮ್ಮನೆಗೇ ಬನ್ನಿ ಸರ್."

ರಂಗಧಾಮಯ್ಯ ಮರುದಿನವೇ ಬಂದರು. ಹೊಸ್ತಿಲ ಬಳಿ ಶ್ರೀಪತಿ ವಿನಯದಿಂದ ಹೇಳಿದರು, "ಅಮ್ಮ ಹೋದದ್ದು ಧನಿಷ್ಠಾ ಪಂಚಕದಲ್ಲಿ ಸರ್. ಕೆಟ್ಟ ನಕ್ಷತ್ರ, ಆರು ತಿಂಗಳು ಮನೆ ಬಿಡಿ ಅಂದಿದ್ದಾರೆ ಪುರೋಹಿತರು. ಒಳಗೆ ಕಾಲಿಟ್ಟವರಿಗೂ ಕೇಡಂತೆ. ನಿಮ್ಮ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮನೆ ಸಿಗಲ್ಲ."

ಎತ್ತಿದ ಕಾಲು ಮೆಲ್ಲನೆ ಹಿಂದಕ್ಕೆ ಬಂತು. ರಂಗಧಾಮಯ್ಯ ಗೋಡೆ ನೋಡಿದರು, ಸೂರು ನೋಡಿದರು. "ಕಟ್ಟಡ ಗಟ್ಟಿಯಾಗಿದೆ. ಬೆಲೆ ಇಳಿಸಬೇಡಿ. ಪಾಠ ಇಷ್ಟೇ," ಎಂದು ಕಾರಿನ ಬಾನೆಟ್ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ಕಾರು ಹತ್ತುವಾಗ ದನಿ ತಗ್ಗಿಸಿ ಕೇಳಿದರು, "ಈಗ ವಾಸ ಎಲ್ಲಿ?"

"ಇಲ್ಲೇ ಸರ್. ಒಬ್ಬನೇ."

"ಹೆದರಿಕೆ ಆಗಲ್ವೇನ್ರೀ? ಒಳಗಿಂದ ನಿಮ್ಮ ತಾಯಿ ದನಿ ಕೇಳಿಸಿದರೆ?"

"ಕೇಳಿಸಲಿ ಅಂತಲೇ ಇದ್ದೀನಿ ಸರ್," ಎಂದರು ಶ್ರೀಪತಿ. "ಇನ್ನೂ ಕೇಳಿಸಿಲ್ಲ."