ದಡಾರದ ಸಿರಪ್ಪಿಗೆ ಸರ್ಟಿಫಿಕೇಟು

ಪಂಚಾಯ್ತಿ ಅಧ್ಯಕ್ಷ ರುದ್ರಗೌಡನ ಅಳಿಯ ದಡಾರಕ್ಕೆ ಸಿರಪ್ಪು ಮಾಡಿದ. ಅದನ್ನು ನಂಬಿ ಎಷ್ಟೋ ತಾಯಂದಿರು ಮಕ್ಕಳಿಗೆ ಲಸಿಕೆ ಹಾಕಿಸುವುದನ್ನೇ ಬಿಟ್ಟರು. ದಡಾರ ಊರಿಗೆ ಬಂತು.

ಗೌಡ ಆಸ್ಪತ್ರೆಗೆ ಬಂದು ನರ್ಸ್ ನೀಲವ್ವನ ಕುರ್ಚಿಯಲ್ಲೇ ಕೂತ. "ಸಿರಪ್ಪು ಕುಡಿದ ನಲವತ್ತು ಮಕ್ಕಳಲ್ಲಿ ಮೂವತ್ತೆಂಟು ಆರಾಮಾದ್ವು. ಬರೆದು ಸಹಿ ಹಾಕು. ಇಲ್ಲಾಂದ್ರ ವರ್ಗ ಮಾಡಿಸ್ತೀನಿ."

ಉಳಿದ ಎರಡು ಕೂಸು ಸತ್ತಿದ್ದವು. ನೀಲವ್ವ ಹಲ್ಲು ಕಚ್ಚಿ, "ವಿಚಾರಿಸಿ ಬರೀತೀನ್ರಿ" ಅಂದಳು. ಎರಡು ದಿನ ಊರಿನ ಮನೆಮನೆ ತಿರುಗಿ ಕಾಗದ ಬರೆದುಕೊಟ್ಟಳು. ಮೊದಲ ಸಾಲು ನೋಡಿಯೇ ಗೌಡ ಹಿಗ್ಗಿ ಜೇಬಿಗಿಟ್ಟ.

ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದ. "ಸಿರಪ್ಪು ಕುಡಿದ ನಲವತ್ತು ಮಕ್ಕಳಲ್ಲಿ ಮೂವತ್ತೆಂಟು ಮಕ್ಕಳು ಗುಣವಾಗಿದ್ದಾರೆ." ಜನ ಚಪ್ಪಾಳೆ ತಟ್ಟಿದರು. ಅದೇ ಗತ್ತಿನಲ್ಲಿ ಮುಂದುವರಿದ. "ದಡಾರ ಬಂದೂ ಸಿರಪ್ಪು ಕುಡಿಯದ ನಲವತ್ತರಲ್ಲೂ ಮೂವತ್ತೆಂಟೇ ಗುಣವಾಗಿದ್ದಾರೆ."

ಗೌಡ ಓದುವುದನ್ನು ಬಿಟ್ಟು ಸಭೆಯಲ್ಲಿ ಕೂತಿದ್ದ ನೀಲವ್ವನ ಕಡೆ ತಿರುಗಿದ. "ಏನ್ ಬರದೀಯವಾ ಇದು?"

"ನೀವು ಹೇಳಿದ್ದನ್ನ ಬರದೀನ್ರಿ. ನೀವು ಕೇಳದೇ ಇದ್ದದ್ದನ್ನೂ ಬರದೀನಿ."

ಗೌಡ ಕಾಗದ ಮಡಚಿದ. ಸಿರಪ್ಪು ಕುಡಿಸಿ ಮಗಳನ್ನು ಕಳೆದುಕೊಂಡಿದ್ದ ರತ್ನವ್ವ ಎದ್ದು ಅವನ ಎದುರಿಗೆ ಬಂದು ನಿಂತಳು.

"ಮುಂದ ಓದ್ರಿ, ಗೌಡ್ರ."

ಗೌಡ ಕಾಗದ ಬಿಡಿಸಿದ.

"ಲಸಿಕೆ ಹಾಕಿಸಿಕೊಂಡ ಎಂಬತ್ತು ಮಕ್ಕಳಲ್ಲಿ ದಡಾರ ಬಂದದ್ದು ಇಬ್ಬರಿಗೆ. ಸತ್ತವರು ಯಾರೂ ಇಲ್ಲ."